ಡೆಲ್ಮರ್ ಕಟ್ಟಿ ತಂದ ಸಿಗರೇಟು ತುಂಡುಗಳು

ಟ್ವೈಲಾ, ಡೆಲ್ಮರ್ ಕ್ರೌಚನನ್ನು ಮೊದಲು ಕಂಡದ್ದು ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗಿನ ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ. ಅಮೆರಿಕದ ಕೆಂಟಕಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಿಗರೇಟು ಸಂಶೋಧನಾ ಕೇಂದ್ರದ ಬಾಗಿಲು ಇನ್ನೂ ತೆರೆದಿರಲಿಲ್ಲ. ಅರವತ್ತು ದಾಟಿದ ಎತ್ತರದ ಮನುಷ್ಯ ಇಸ್ತ್ರಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಟೋಪಿಯನ್ನು ಮೊಣಕಾಲ ಮೇಲಿಟ್ಟು ಮೆಟ್ಟಿಲ ಮೇಲೆ ಕುಳಿತಿದ್ದ. ಬೆರಳ ತುದಿಗಳು ಹಳದಿಗಟ್ಟಿದ್ದವು. ಅವಳನ್ನು ಕಂಡು ಎದ್ದು ನಿಂತ.

“ನಿಕೋಟಿನ್ ತೆಗೆದ ಸಿಗರೇಟು ಕೊಡೋದು ಇಲ್ಲೇನಾ, ತಾಯಿ?”

“ಪೂರ್ತಿ ತೆಗೆದಿರಲ್ಲ. ತುಂಬಾ ಕಡಿಮೆ ಮಾಡಿರ್ತಾರೆ.”

“ಹಾಗಾದ್ರೆ ನೀರು ಬೆರೆಸಿದ ವಿಸ್ಕಿ ಅನ್ನು.”

ಒಳಗೆ ಬಂದು, ಉಸಿರಿನಲ್ಲಿರುವ ಹೊಗೆಯ ವಿಷ ಅಳೆಯುವ ಯಂತ್ರಕ್ಕೆ ಊದಿ, ಅಂಕಿ ನೋಡಿ, “ನನ್ನ ಟ್ರ್ಯಾಕ್ಟರೇ ವಾಸಿ” ಎಂದ. ಟ್ವೈಲಾ ನಕ್ಕಳು. ಅವಳೂ ಹೊಗೆಸೊಪ್ಪು ಬೆಳೆಯುವ ಮನೆಯವಳೇ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು.

ಎಲ್ಲ ಸಿಗರೇಟುಗಳಲ್ಲೂ ಹೀಗೇ ನಿಕೋಟಿನ್ ಕಡಿಮೆ ಮಾಡಬೇಕೆಂದು ಕಾನೂನು ತರಬಹುದೇ ಎಂದು ಸರ್ಕಾರ ಆಗ ಯೋಚಿಸುತ್ತಿತ್ತು. ಅದಕ್ಕಾಗಿಯೇ ಈ ಪರೀಕ್ಷೆ. ನಿಯಮ ಸರಳವಾಗಿತ್ತು: ಹದಿನೈದು ದಿನಕ್ಕೊಮ್ಮೆ ಬಂದು ಸಿಗರೇಟು ಒಯ್ಯಬೇಕು, ಬೇರೆ ಯಾವುದನ್ನೂ ಸೇದಬಾರದು, ಸೇದಿ ಉಳಿದ ತುಂಡುಗಳನ್ನೆಲ್ಲ ಹಿಂದಿರುಗಿಸಬೇಕು.

ಉಳಿದವರು ತುಂಡುಗಳನ್ನು ಬೂದಿಯ ಸಮೇತ ಚೀಲಕ್ಕೆ ಸುರಿದು ತರುತ್ತಿದ್ದರು. ಡೆಲ್ಮರ್ ಹತ್ತತ್ತು ಸೇರಿಸಿ, ಫಿಲ್ಟರಿನ ಕಡೆಗೆ ಕಾಗದದ ಪಟ್ಟಿ ಸುತ್ತಿ ಕಟ್ಟು ಮಾಡುತ್ತಿದ್ದ. ಹೊಗೆಸೊಪ್ಪಿನವರು ಒಣಗಿದ ಎಲೆಗಳ ತೊಟ್ಟು ಜೋಡಿಸಿ, ಮೇಲೊಂದು ಎಲೆ ಸುತ್ತಿ ಕಟ್ಟುವುದು ಹೀಗೆಯೇ. ಅಪ್ಪನ ಕೈಕೆಲಸವನ್ನೇ ಕಂಡಂತಾಗಿ ಟ್ವೈಲಾ ಅವನ್ನು ಎಣಿಸುತ್ತಿದ್ದಳೇ ಹೊರತು ಬಿಚ್ಚುತ್ತಿರಲಿಲ್ಲ.

ಡೆಲ್ಮರ್ ತರುವ ತುಂಡುಗಳ ಲೆಕ್ಕ ದಿನಕ್ಕೆ ನಲವತ್ತಿದ್ದದ್ದು ಇಪ್ಪತ್ತೆರಡಾಯಿತು. ಮೂರನೆಯ ತಿಂಗಳಿಗೆ ಒಂಬತ್ತಾಯಿತು. ಆದರೆ ಮೂತ್ರ ಪರೀಕ್ಷೆಯಲ್ಲಿ ಅವನ ನಿಕೋಟಿನ್ ಒಂದಿಷ್ಟೂ ಇಳಿದಿರಲಿಲ್ಲ. ಅನುಮಾನದಿಂದ ಅವಳು ಒಂದು ಕಟ್ಟು ಬಿಚ್ಚಿದಳು. ಹತ್ತೂ ಫಿಲ್ಟರುಗಳ ಮೇಲೆ ಗುಲಾಬಿ ಲಿಪ್‌ಸ್ಟಿಕ್ ಹತ್ತಿತ್ತು.

“ಕ್ರೌಚ್ ಅವರೇ, ಇವನ್ನ ಸೇದಿದ್ದು ಯಾರು?”

ಅವನು ಸುಳ್ಳು ಹೇಳಲಿಲ್ಲ. “ಆರ್ಲೀನ್, ನನ್ನ ಹೆಂಡ್ತಿ. ಜನವರೀಲಿ ಅವಳೂ ಇಲ್ಲಿಗೆ ಬಂದಿದ್ಲು. ಶ್ವಾಸಕೋಶ ಕೆಟ್ಟಿರೋರನ್ನ ಸೇರಿಸ್ಕೊಳಲ್ಲ ಅಂತ ವಾಪಸ್ ಕಳಿಸಿದ್ರಿ. ಬೇಕಾದೋರಿಗೇ ಕೊಡ್ದೆ ಇನ್ಯಾರಿಗೆ ಕೊಡ್ತೀರಿ?”

“ಮತ್ತೆ ಈ ತುಂಡುಗಳನ್ನೇ ಯಾಕೆ ತಂದ್ರಿ? ಸಿಕ್ಕಿಬೀಳ್ತೀರಿ ಅನ್ನಿಸ್ಲಿಲ್ವಾ?”

“ಇಲ್ಲಿ ಕೊಟ್ಟ ಸಿಗರೇಟಿನ ತುಂಡು ತಾನೇ ನೀನು ಕೇಳಿದ್ದು? ಒಂದೂ ಬಿಡ್ದೆ ತಂದಿದೀನಿ.”

“ಇವು ಇಲ್ಲಿಯವು ಅಂತ ನಿಮ್ಮ ಹೆಂಡತಿಗೆ ಗೊತ್ತಾ?”

“ಇಲ್ಲ. ಅವಳ ಹಳೇ ಪ್ಯಾಕಿಗೇ ತುಂಬಿ ಕೊಡ್ತೀನಿ. ‘ಯಾಕೋ ರುಚೀನೇ ಇಲ್ಲ ಕಣೋ, ಬಿಟ್ಟೇಬಿಡ್ಲಾ’ ಅಂದ್ಲು ಮೊನ್ನೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಇನ್ನೊಂದು ತಿಂಗಳು ಕೊಡು, ಮಗಳೇ.”

ಟ್ವೈಲಾ ಆ ತುಂಡುಗಳನ್ನು ಮತ್ತೆ ಪಟ್ಟಿ ಸುತ್ತಿ ಮೇಜಿನ ಮೇಲಿಟ್ಟಳು. ಸುಮ್ಮನಿದ್ದರೆ ಕಾನೂನಿಗೆ ಆಧಾರವಾಗಬೇಕಾದ ವರದಿಯಲ್ಲಿ ಸುಳ್ಳು ಸೇರುತ್ತಿತ್ತು. ಕಾಯಿಲೆಯ ಹೆಂಗಸೊಬ್ಬಳು ತನಗೇ ಗೊತ್ತಿಲ್ಲದೆ ಪರೀಕ್ಷೆಯ ಸಿಗರೇಟು ಸೇದುತ್ತಿದ್ದಳು. ಮಧ್ಯಾಹ್ನದೊಳಗೆ ಟ್ವೈಲಾ ಎಲ್ಲವನ್ನೂ ಬರೆದು, ಪರೀಕ್ಷೆ ನಡೆಸುತ್ತಿದ್ದ ಪ್ರೊಫೆಸರಿಗೆ ಕೊಟ್ಟಳು. ಡೆಲ್ಮರನ ಹೆಸರು ತೆಗೆದುಹಾಕಿದರು. ಆರ್ಲೀನ್‌ಗೆ ವಿನಾಯಿತಿ ಕೊಡಿಸಲು ಟ್ವೈಲಾಳೇ ಅರ್ಜಿ ಬರೆದಳು. ಆಗದು ಎಂಬ ಉತ್ತರ ಬರಲು ಹನ್ನೊಂದು ವಾರ ಹಿಡಿಯಿತು. ಆ ಸಿಗರೇಟು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಹೆಸರು ತೆಗೆದುಹಾಕಿದ ದಿನ ಸಂಜೆಯೇ ಡೆಲ್ಮರ್ ಹೆಂಡತಿಗೆ ನಿಜ ಹೇಳಿದ.

“ಹಸೂಗೆ ಮೇವು ಬದಲಾಯಿಸೋ ಹಾಗೆ ಮಾಡ್ದೆಯಲ್ಲೋ, ಕಳ್ಳ!” ಎಂದು ಆರ್ಲೀನ್ ಕೆಮ್ಮು ಬರುವವರೆಗೂ ನಕ್ಕಳಂತೆ. ಆಮೇಲೆ, “ಇನ್ನೆಷ್ಟಿವೆ?” ಎಂದು ಕೇಳಿದಳಂತೆ. ಉಳಿದಿದ್ದದ್ದು ಆರು. ಅವು ಮುಗಿದ ಮೇಲೆ ಎಂಟು ದಿನ ಹಲ್ಲು ಕಚ್ಚಿ ತಡೆದಳು. ಒಂಬತ್ತನೆಯ ದಿನ ಅವಳ ನಡುಕ ನೋಡಲಾರದೆ ಡೆಲ್ಮರನೇ ಹೋಗಿ ಅವಳು ಮೊದಲು ಸೇದುತ್ತಿದ್ದ ಸಿಗರೇಟನ್ನೇ ತಂದುಕೊಟ್ಟ. ಅಕ್ಟೋಬರ್ ಹೊತ್ತಿಗೆ ಮತ್ತೆ ದಿನಕ್ಕೆ ಎರಡು ಪ್ಯಾಕ್. ಫೆಬ್ರವರಿಯಲ್ಲಿ ತೀರಿಕೊಂಡಳು.

ಟ್ವೈಲಾ ಮಣ್ಣಿಗೆ ಹೋದಳು. ಬೈದರೆ ಬೈಸಿಕೊಳ್ಳೋಣವೆಂದೇ ಹೋಗಿದ್ದಳು. ಚರ್ಚಿನ ಬಾಗಿಲಲ್ಲಿ ಡೆಲ್ಮರ್ ಮಣ್ಣಿನ ನಂತರದ ಊಟಕ್ಕೆಂದು ಅವಳು ಬೇಯಿಸಿ ತಂದಿದ್ದ ಬೀನ್ಸ್ ಪಾತ್ರೆ ಇಸಿದುಕೊಂಡು, “ಅಷ್ಟು ದೂರದಿಂದ ಬಂದಿದೀಯ, ಉಂಡ್ಕೊಂಡು ಹೋಗು” ಎಂದ.  ಅವಳು ಒಳಗೆ ಹೋಗಿ ತಟ್ಟೆ ಹಿಡಿದು ಕುಳಿತಳು.

ಡೆಲ್ಮರ್ ಈಗಲೂ ದಿನಕ್ಕೊಂದು ಪ್ಯಾಕ್ ಸೇದುತ್ತಾನೆ. ವಾರಕ್ಕೆ ಮೂರು ದಿನ ಜಿಲ್ಲಾಡಳಿತದ ವ್ಯಾನ್ ಓಡಿಸುತ್ತಾನೆ. ಶ್ವಾಸಕೋಶದ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ದು, ಮತ್ತೆ ಅವರವರ ಮನೆಗೆ ಬಿಡುತ್ತಾನೆ.