ಬಂಗಾರದ ಅಂಟೆನಾ, ಅಂಟಿನ ಉಂಡಿ

ಅವತ್ತು ಮಾಡಿದ ಕೆಲಸ: ನಳ ಬಂದಾಗ ಹಂಡೆ ತುಂಬಿದ್ದು, ಶೇಂಗಾ ಹುರಿದು ಸಿಪ್ಪೆ ತೂರಿದ್ದು, ಗಾಳಿಗೆ ತಿರುಗಿದ್ದ ಟಿವಿ ಅಂಟೆನಾವನ್ನು ಮಾಳಿಗೆ ಹತ್ತಿ ಸರಿಮಾಡಿದ್ದು, ನಾದಿನಿಯ ಸೀರೆಗೆ ಇಸ್ತ್ರಿ, ಸಂಜೆ ಅತ್ತೆಯ ಜೊತೆ ಕೂತು ಅಂಟಿನ ಉಂಡಿ ಕಟ್ಟಿದ್ದು. ಬೆಲ್ಲದ ಪಾಕ ಆರುವುದರೊಳಗೆ ಕಟ್ಟಬೇಕು. ಕೈ ಸುಟ್ಟರೂ ಏಳುವಂತಿಲ್ಲ.

ಸರಿಯಾಗಿ ಆಗಲೇ ನಾದಿನಿ ಎದುರಿಗೆ ಬಂದು ನಿಂತಳು. ಗಜೇಂದ್ರಗಡದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ರೋಣಕ್ಕೆ ಹೋಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮರುದಿನ ಧಾರವಾಡದಲ್ಲಿ ಪಿಎಚ್‌ಡಿ ಸೀಟಿಗೆ ಸಂದರ್ಶನ. ಹಿಂದಿನ ವರ್ಷ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿ ವಾಪಸ್ಸು ಬಂದಿದ್ದಳು.

“ವೈನಿ, ನೀವ ಸಾಹೇಬ್ರು ಅಂತ ತಿಳ್ಕೊಂಡು ಪ್ರಶ್ನಿ ಕೇಳ್ರಿ. ನನ್ನ ವಿಷಯ, ಬೆಳಕು ಹಿಡಿಯೋ ಬಂಗಾರದ ಅಂಟೆನಾ...”

“ಬಂಗಾರದ ಅಂಟಿನ ಉಂಡಿ?” ಅತ್ತೆಗೆ ಕಿವಿ ಸ್ವಲ್ಪ ಮಂದ. “ಯಾರ ತಿಂತಾರ ಅದನ್ನ?”

“ಉಂಡಿ ಅಲ್ಲ ಯವ್ವಾ, ಅಂಟೆನಾ! ಮಾಳಗಿ ಮ್ಯಾಲ ಐತಲ್ಲ!”

“ಮಾಳಗಿ ಮ್ಯಾಲ ಯಾಕ ಇಟ್ರಿ? ಇರುವಿ ಹತ್ತತಾವ.”

ನನ್ನ ಕೈತುಂಬ ತುಪ್ಪ; ನಗು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳಲೂ ಆಗದು. ಗಂಭೀರವಾಗಿ, ಅವಳೇ ಹೇಳಿಕೊಟ್ಟಿದ್ದ ಹಿಂದಿನ ವರ್ಷದ ಪ್ರಶ್ನೆಯನ್ನು ಕೇಳಿದೆ: “ಟಿವಿ ಅಂಟೆನಾದ ಕಡ್ಡಿ ಅಲೆಯ ಅರ್ಧ ಉದ್ದ ಇರ್ತೈತಿ. ಬೆಳಕೂ ಅಲೆನ. ಇಲ್ಲೂ ಅರ್ಧಕ್ಕ ಕತ್ತರಿಸಿದ್ರ ನಡೀತೈತೇನವ್ವ?”

 ನಾದಿನಿಗೆ ಮತ್ತೆ ಅದೇ ಬಾಯಿ ಕಟ್ಟುವ ರೋಗ.

“ಲಗೂ ಹೇಳ,” ಅತ್ತೆ ಗದರಿದರು, “ಪಾಕ ಆರಾಕತ್ತೈತಿ!”

ಅವಳಿಗೆ ನಗು ಒಡೆಯಿತು. ನಗುವಿನ ಹಿಂದೆಯೇ ಉತ್ತರವೂ ಬಂತು. “ನಡಿಯಂಗಿಲ್ರಿ! ಟಿವಿ ಅಲೆಯ ಜೋಡಿ ಲೋಹದಾಗಿನ ಎಲೆಕ್ಟ್ರಾನು ಆರಾಮ ಕುಣೀತಾವ. ಬೆಳಕಿನ ತಾಳ ಭಾಳ ಜೋರು. ಅವು ಹಿಂದ ಬೀಳ್ತಾವ. ಅದಕ್ಕ ಬಂಗಾರದ ಕಡ್ಡಿ ಅರ್ಧಕ್ಕಿಂತ ಗಿಡ್ಡ ಇರಬೇಕು. ಉದ್ದ ಬದಲಿಸಿದ್ರ ಅದು ಹಿಡಿಯೋ ಬಣ್ಣಾನೂ ಬದಲಾಗತೈತಿ.”

“ಅಂದ್ರ ಬಂಗಾರ ಕಡಿಮಿ ಹತ್ತತೈತಿ ಅನ್ನು. ಎಷ್ಟಿರತೈತಿ?” ಅತ್ತೆ ಕೇಳಿದರು.

“ಕಣ್ಣಿಗೆ ಕಾಣಂಗಿಲ್ಲ ಯವ್ವಾ.”

“ನನ್ನ ಮದುವ್ಯಾಗ ನಿಮ್ಮಪ್ಪನ ಮನಿಯವರು ಹಾಕಿದ್ರಲ್ಲ, ಅಂಥಾದ್ದ ಅನ್ನು.”

ಆಮೇಲೆ ನಾನು ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದೆ. ಅವಳು ಎಡವಲಿಲ್ಲ. ಈ ಗದ್ದಲದಲ್ಲಿ ಪಾಕ ಆರಿ, ಕೊನೆಯ ಉಂಡಿಗಳು ದುಂಡಗಾಗದೆ ಮೊಂಡು ಕಡ್ಡಿಗಳಾದವು. ಅತ್ತೆ ಅವನ್ನೇ ಆರಿಸಿ ಧಾರವಾಡದ ಡಬ್ಬಿಗೆ ತುಂಬಿದರು. “ಬಾಯಿ ಕಟ್ಟಿದ್ರ ಒಂದು ತಗದು ಸಾಹೇಬ್ರಿಗೆ ಕೊಡು. ಅವರ ಬಾಯಿನೂ ಅಂಟತೈತಿ.”

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಕೊನೆಗೆ ಡಬ್ಬಿಗೆ ಹಿಡಿಯದೆ ಉಳಿದದ್ದರಲ್ಲಿ ತಲೆಗೊಂದು ಗಿಡ್ಡ ಅಂಟೆನಾ. ಹೋದ ವರ್ಷ ಸಂದರ್ಶನದ ಹಿಂದಿನ ರಾತ್ರಿ ಕಣ್ಣೇ ಮುಚ್ಚದಿದ್ದ ನಾದಿನಿ, ಈ ಸಲ ಎಲ್ಲರಿಗಿಂತ ಮೊದಲು ಮಲಗಿ ನಿದ್ದೆ ಹೋದಳು.