ಕೂದಲೆಳೆಯಷ್ಟು ಮೇಲೆ

ಯಂತ್ರದೊಳಗಿನ ಅತ್ಯಂತ ಕಷ್ಟದ ಕೆಲಸವನ್ನು ಅತ್ಯಂತ ಮೃದುವಾದ ಲೋಹಕ್ಕೆ ವಹಿಸಿರುತ್ತಾರೆಂಬುದು ಐವತ್ತೆಂಟು ವರ್ಷ ತುಂಬುವವರೆಗೂ ನನಗೆ ತಿಳಿದಿರಲಿಲ್ಲ. ಟ್ರ್ಯಾಕ್ಟರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎಂಬ ಭಾರಿ ಉಕ್ಕಿನ ದಂಡವೊಂದಿದೆ. ಅದು ತಿರುಗುವ ಒಂದೊಂದು ತಾಣದಲ್ಲೂ ಅದನ್ನು ಅಪ್ಪಿಕೊಂಡಿರುವುವು, ಬಳೆಯನ್ನು ನಡುವೆ ಸೀಳಿದಂಥ ಎರಡು ತೆಳುವಾದ ಹೋಳುಗಳು. ಅವೇ ಬೇರಿಂಗುಗಳು. ಅವುಗಳ ಒಳಮೈ ಬಲು ಮೆತ್ತಗೆ. ಎಣ್ಣೆಯಲ್ಲಿ ತೇಲಿಬಂದ ಕಸವನ್ನು ತಮ್ಮ ಮೈಯಲ್ಲೇ ಹುದುಗಿಸಿಕೊಂಡು ಉಕ್ಕಿನ ಮೈ ಕಾಯುವುದೇ ಅವುಗಳ ಧರ್ಮ. ಮನುಷ್ಯರಲ್ಲಿ ಅಂಥ ಸ್ವಭಾವದವರನ್ನು ನಾನು ಕಂಡದ್ದು ಕಡಿಮೆ. ಕಂಡ ಒಬ್ಬರ ವಿಷಯವನ್ನು ಹೇಳದೆ ಹೋದರೆ ಕೃತಘ್ನನಾದೇನು.

ನಾನು ಉಡುಪಿಯ ಕಡೆಯವನು. ಏಳನೆಯ ತರಗತಿಯಾಚೆ ಶಾಲೆ ಕಂಡವನಲ್ಲ. ವಡೋದರದ ಗೋರ್ವಾದಲ್ಲಿ ಬಹುಕಾಲ ಇಡ್ಲಿ, ದೋಸೆ ಮಾಡಿ ಬದುಕಿದೆ. ‘ಹಿರಿಯರು ಹಾಗೆ ಹೇಳಿದ್ದಾರೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ತುರಿಕೆ. ಹಿಟ್ಟನ್ನು ಬಲಗೈಯಿಂದಲೇ ಕಲಸಬೇಕು, ಇಲ್ಲವಾದರೆ ಹುಳಿಯೇರದು ಎಂದು ನಮ್ಮ ಮೊದಲ ಅಡುಗೆಭಟ್ಟರು ವಿಧಿಸಿದಾಗ ಒಂದು ತಿಂಗಳು ಎಡಗೈಯಿಂದ ಕಲಸಿದೆ. ಹಿಟ್ಟು ಉಕ್ಕಿತು, ಭಟ್ಟರು ಬೇರೆ ಹೋಟೆಲು ಸೇರಿದರು. ಶಾಲೆ ಕೊಡದ ವಿದ್ಯೆಯನ್ನು ಹಳೆಯ ಪುಸ್ತಕಗಳಿಂದ ಪಡೆದೆ. ಬಾಯಿಮಾತನ್ನು ನಂಬದವನು ಅಚ್ಚಾದ ಮಾತನ್ನು ಕಣ್ಣುಮುಚ್ಚಿ ನಂಬಿಬಿಡುತ್ತಾನೆ ಎಂಬ ಒಂದು ಸಂಗತಿಯನ್ನು ಮಾತ್ರ ಯಾವ ಪುಸ್ತಕವೂ ನನಗೆ ಹೇಳಲಿಲ್ಲ.

ತೊಂಬತ್ತರ ದಶಕದ ನಡುವೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಎದುರಿನ ಹುಸೇನ್‌ಭಾಯಿಯವರ ವರ್ಕ್‌ಶಾಪಿನಲ್ಲಿ ಕೂರುವುದನ್ನು ರೂಢಿಸಿಕೊಂಡೆ. ಆ ಜೂನಿನಲ್ಲಿ ರಾವ್ಜಿಭಾಯಿ ತಮ್ಮ ಹಳೆಯ ಟ್ರ್ಯಾಕ್ಟರನ್ನು ಎಳೆಸಿಕೊಂಡು ಬಂದರು. ನಮ್ಮ ಸಾಂಬಾರಿಗೆ ಬದನೆ, ಆಲೂಗಡ್ಡೆ ಒದಗಿಸುತ್ತಿದ್ದ ರೈತರು ಅವರು. ಎಂಜಿನ್ನಿನ ಹೊಟ್ಟೆಯೊಳಗೆ ಗುದ್ದುವ ಸದ್ದು. ಎಣ್ಣೆಯ ಒತ್ತಡ ತೋರುವ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ಮೊದಲ ಮಳೆಗೆ ಮುನ್ನ ಹೊಲ ಹದವಾಗಿ ಹತ್ತಿ ಬಿತ್ತನೆಯಾಗದಿದ್ದರೆ ಅವರ ವರ್ಷವೇ ಹಿಂದೆ ಬೀಳುತ್ತಿತ್ತು. ಬೇರಿಂಗು ಕೂರಿಸಲು ನಾನೂ ಕೈಜೋಡಿಸುತ್ತೇನೆಂದು ಮನೆಯಲ್ಲಿ ಘೋಷಿಸಿದೆ.

“ಅಲ್ಲ ಮಾರಾಯ್ರೆ, ಮಿಕ್ಸಿ ಬಿಚ್ಚಿ ಮೂರು ತಿಂಗಳಾಯ್ತು, ಅದಿನ್ನೂ ಮೊರದಲ್ಲೇ ಉಂಟು. ಈಗ ಟ್ರ್ಯಾಕ್ಟರಾ?” ಎಂದಳು ಹೆಂಡತಿ.

ಸವೆದ ಶಾಫ್ಟನ್ನು ಲೇತಿನವರು ಉಜ್ಜಿ ನುಣುಪು ಮಾಡಿಕೊಟ್ಟರು. ಅದರ ಹೊಸ ಅಳತೆಗೆ ಹೊಂದುವ ಬೇರಿಂಗುಗಳು ಊರಿಗೆಲ್ಲ ಒಂದೇ ಸೆಟ್ ಸಿಕ್ಕಿದ್ದವು. ಹುಸೇನ್‌ಭಾಯಿ ಎಂಜಿನ್ನನ್ನು ಮಗುಚಿ, ಎಣ್ಣೆಯ ತೂತಿಗೆ ತೂತು ಸೇರಿಸಿ ಮೇಲಿನ ಹೋಳುಗಳನ್ನು ಕೂರಿಸಿದರು. ಕೆಳಗಿನ ಹೋಳುಗಳು ಕೂರುವುದು ಕ್ಯಾಪ್ ಎಂಬ ಕಮಾನಿನಂಥ ಮುಚ್ಚಳದಲ್ಲಿ. ಅವನ್ನು ಒರೆಸುವುದು ನನ್ನ ಪಾಲಿನ ಕೆಲಸ. ಒರೆಸುತ್ತಿದ್ದಾಗ ಬೆರಳ ತುದಿಗೆ ಏನೋ ತಡೆಯಿತು. ಹೋಳಿನ ಅಂಚು ಕ್ಯಾಪಿನ ಅಂಚಿಗಿಂತ ಕೂದಲೆಳೆಯಷ್ಟು ಮೇಲಕ್ಕೆ ನಿಂತಿತ್ತು.

“ಇದೇಕೆ ಹೀಗೆ ಎದ್ದಿದೆ?” ಎಂದೆ.

“ಅದು ಹಾಗೇ ಇರಬೇಕು ಅಣ್ಣಾ. ಮುಟ್ಟಬೇಡಿ.”

“ಏಕೆ?”

“ನಮ್ಮ ಉಸ್ತಾದ್ ಹೇಳಿದ್ದಾರೆ.”

ಅಷ್ಟು ಹೇಳಿ ಅವರು ಶುಕ್ರವಾರದ ನಮಾಜಿಗೆ ಹೊರಟರು. ನನಗೆ ತುರಿಕೆ ಶುರುವಾಯಿತು. ಅಹಮದಾಬಾದಿನ ರಸ್ತೆಬದಿಯಲ್ಲಿ ಕೊಂಡ ನನ್ನ ಎಂಜಿನ್ ಪುಸ್ತಕವನ್ನು ತೆರೆದೆ. ಅಂಚುಗಳನ್ನು ಅರದಿಂದ ಉಜ್ಜಿ ಸಮಮಟ್ಟ ಮಾಡಬೇಕೆಂದು ಅದರಲ್ಲಿತ್ತು. ಜೀವಮಾನವೆಲ್ಲ ಸೇರು ತುಂಬಿ, ಮೇಲೆ ಕೈಯಾಡಿಸಿ ಅಕ್ಕಿಯನ್ನು ಮಟ್ಟ ಮಾಡಿದ ಕೈ ನನ್ನದು. ಉಬ್ಬಿದ್ದನ್ನು ಕಂಡರೆ ಅದು ಸುಮ್ಮನಿರದು. ಅರ ಆಡಿಸಿದೆ. ಅಂಚು ಕನ್ನಡಿಯಂತಾಯಿತು.

ಹುಸೇನ್‌ಭಾಯಿ ಮರಳಿದಾಗ ನಾನೇ ಹೆಮ್ಮೆಯಿಂದ ತೋರಿಸಿದೆ. ಅವರು ಟೋಪಿಯನ್ನು ಮಡಿಸಿ ಜೇಬಿಗಿಟ್ಟು, “ಎಷ್ಟು ಹೋಳು ಉಜ್ಜಿದಿರಿ?” ಎಂದರು.

“ಒಂದೇ. ಅಷ್ಟರಲ್ಲಿ ನೀವು ಬಂದಿರಿ.”

“ದೇವರು ದೊಡ್ಡವನು. ಇವತ್ತು ಪ್ರವಚನ ಸಣ್ಣದಿತ್ತು.”

ಬೈಯಲಿಲ್ಲ. ಉಜ್ಜದ ಹೋಳಿದ್ದ ಒಂದು ಕ್ಯಾಪನ್ನು ಕೂರಿಸಿ ಎರಡೂ ಬೋಲ್ಟು ಬಿಗಿದರು. ಬಳಿಕ ಒಂದನ್ನು ಸಡಿಲಿಸಿದರು. ಅದುಮಿಟ್ಟ ಅಂಚು ಆ ಬದಿಯಲ್ಲಿ ಕ್ಯಾಪನ್ನು ಎತ್ತಿ ಹಿಡಿಯಿತು. ಸಂದಿನಲ್ಲಿ ತೆಳುವಾದ ಉಕ್ಕಿನ ಅಳತೆಪಟ್ಟಿ ಸಲೀಸಾಗಿ ನುಗ್ಗಿತು. ನಾನು ಉಜ್ಜಿದ್ದನ್ನು ಹಾಕಿ ಹಾಗೆಯೇ ಮಾಡಿದರು. ಪಟ್ಟಿ ಒಳಗೆ ಹೋಗಲೊಲ್ಲದು. ಆ ಕೂದಲೆಳೆಯಷ್ಟು ಹೆಚ್ಚಿಗೆಯೇ ಬೋಲ್ಟಿನ ಬಿಗಿತಕ್ಕೆ ಅದುಮಿಹೋಗಿ ಹೋಳನ್ನು ಅದರ ಜಾಗದಲ್ಲಿ ಕಚ್ಚಿಹಿಡಿಯುತ್ತದೆ. ಅದಿಲ್ಲದಿದ್ದರೆ ನಡುಹೊಲದಲ್ಲಿ ಹೋಳು ಶಾಫ್ಟಿನೊಡನೆ ಸುತ್ತಿ, ಎಣ್ಣೆಯ ತೂತು ಮುಚ್ಚಿ, ಎಂಜಿನ್ನೇ ಹಾಳು. ನನ್ನ ಪುಸ್ತಕ ಸುಳ್ಳು ಹೇಳಿರಲಿಲ್ಲ. ಬೇರಿಂಗಿನ ಲೋಹವನ್ನು ಕರಗಿಸಿ ಹೊಯ್ದು ಕೈಯಲ್ಲಿ ಕೆರೆದು ಕೂರಿಸುತ್ತಿದ್ದ ಹಿಂದಿನ ಕಾಲದ ಎಂಜಿನ್ನುಗಳ ಪುಸ್ತಕವದು. ಯಾವ ಕಾಲದ್ದೆಂದು ನೋಡದೆ ನಂಬಿದವನು ನಾನು.

“ಇದನ್ನು ಮೊದಲೇ ಹೇಳಬಾರದಿತ್ತೇ?” ಎಂದೆ, ನಾಚಿಕೆಗೆ ಬೇರೆ ಮಾತು ತೋಚದೆ.

“ನನಗೆ ಹೇಳೋಕೆ ಬರೋಲ್ಲ ಅಣ್ಣಾ, ತೋರಿಸೋಕೆ ಬರುತ್ತೆ. ನಮಾಜು ಮುಗಿಯೋವರೆಗೆ ಕಾಯಬೇಕಿತ್ತು.”

ಸಂಜೆ ರಾವ್ಜಿಭಾಯಿ ಬಂದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಅವರ ದೃಷ್ಟಿ ಆಕಾಶಕ್ಕೊಮ್ಮೆ, ಮಗುಚಿದ ಎಂಜಿನ್ನಿಗೊಮ್ಮೆ ಹೋಗುತ್ತಿತ್ತು. ತಪ್ಪೊಪ್ಪಿಕೊಳ್ಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಸೇನ್‌ಭಾಯಿ, “ಸೆಟ್ಟಿನಲ್ಲಿ ಒಂದು ಹೋಳು ಸರಿ ಇಲ್ಲ ರಾವ್ಜಿಭಾಯಿ. ಇಲ್ಲಿ ಸಿಗೋಲ್ಲ. ಅಣ್ಣ ಖುದ್ದಾಗಿ ನಾಳೆ ಅಹಮದಾಬಾದಿಗೆ ಹೋಗಿ ತರ್ತಾರೆ” ಎಂದುಬಿಟ್ಟರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ರಾವ್ಜಿಭಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳಲ್ಲಿನ್ನೂ ಅರದ ಪುಡಿ ಮಿನುಗುತ್ತಿತ್ತು.

ಮರುದಿನ ಮುಂಜಾನೆಯ ರೈಲು ಹಿಡಿದೆ. ಅಂಗಡಿಯಿಂದ ಅಂಗಡಿಗೆ ಅಲೆದೆ. ಹಲವರು ಆ ಮಾದರಿಯ ಹೆಸರು ಕೇಳಿಯೇ ನಕ್ಕರು. ಮಧ್ಯಾಹ್ನ ಒಬ್ಬ ಮುದುಕ ಅಟ್ಟದಿಂದ ಎಣ್ಣೆ ಕಾಗದ ಸುತ್ತಿದ ಪೊಟ್ಟಣ ಇಳಿಸಿ, ಅಳತೆಯನ್ನು ಎರಡು ಸಲ ಓದಿ ನನ್ನ ಕೈಗಿಟ್ಟ. ದೇವರ ಪ್ರಸಾದವನ್ನೂ ನಾನು ಅಷ್ಟು ಜೋಪಾನವಾಗಿ ತಂದವನಲ್ಲ. ಹುಸೇನ್‌ಭಾಯಿ ಅದನ್ನು ಕೂರಿಸಿ ಬೋಲ್ಟು ಬಿಗಿದು, ಅಳತೆಪಟ್ಟಿಯನ್ನು ನನ್ನತ್ತ ಚಾಚಿದರು. ಈ ಸಲ ಪರೀಕ್ಷಿಸಿದವನು ನಾನೇ. ಎಂಜಿನ್ನು ಗುಡುಗಿ ಎದ್ದಿತು. ಮುಳ್ಳು ಮೇಲೇರಿ ನಿಂತಿತು. ರಾವ್ಜಿಭಾಯಿ ಬಿತ್ತಿ ಮುಗಿಸಿದ ಮೂರನೆಯ ದಿನ ಮಳೆ ಬಂತು.

ಅಂದಿನಿಂದ ಅವರ ಊರಿನಲ್ಲಿ ಒಂದು ಕಥೆ ನಡೆದುಬಂದಿದೆ. ಯಾರಿಗೂ ಕಾಣದ ದೋಷವನ್ನು ಇಡ್ಲಿಯ ಅಣ್ಣ ಬೆರಳ ತುದಿಯಿಂದಲೇ ಪತ್ತೆಹಚ್ಚಿ, ಅಹಮದಾಬಾದಿಗೆ ಓಡಿ ಬಿತ್ತನೆಯನ್ನು ಉಳಿಸಿದನಂತೆ. ನಿಜವನ್ನು ನಾನು ಮೂರು ಸಲ ಹೇಳಿದೆ. “ಎಷ್ಟು ವಿನಯ ನೋಡಿ!” ಎಂದು ರಾವ್ಜಿಭಾಯಿ ಮೂರು ಸಲವೂ ಕಣ್ಣೊರೆಸಿಕೊಂಡರು. ಹುಸೇನ್‌ಭಾಯಿಯನ್ನು ಸಾಕ್ಷಿಗೆ ಕರೆದರೆ, “ನಮ್ಮ ಉಸ್ತಾದ್ ಇಂಥದರಲ್ಲಿ ಮಾತಾಡಬಾರದು ಅಂತ ಹೇಳಿದ್ದಾರೆ” ಎಂದು ನಕ್ಕು ಸ್ಪ್ಯಾನರು ಹುಡುಕತೊಡಗಿದರು. ಆದ್ದರಿಂದ ಸತ್ಯವನ್ನು ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ಮಾನ ಕಾಯಲು ಅವರು ಪಟ್ಟ ಪಾಡೆಲ್ಲ ಇದರಿಂದ ವ್ಯರ್ಥವಾಯಿತೆಂದು ಹುಸೇನ್‌ಭಾಯಿ ನೊಂದುಕೊಳ್ಳುವ ಭಯವಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ.