ಕೋಟಿನ ಜೇಬಿನಲ್ಲಿ ಅರ್ಧ ಗಂಟೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಐಸ್ ಅಕ್ಕ ಅನ್ನುತ್ತಿದ್ದರು. ರಕ್ತ ತೆಗೆಯುವುದು ಅವಳ ಕೆಲಸ. ಎಡಗೈಯಲ್ಲಿ ಸದಾ ಐಸ್ ತುಂಬಿದ ನೀಲಿ ಡಬ್ಬಿ. ನಗುವುದು ಕಡಿಮೆ. ಚುಚ್ಚುವ ಮುಂಚೆ ನೋವಾಗುವುದಿಲ್ಲ ಎಂಬ ಸುಳ್ಳನ್ನೂ ಹೇಳುವವಳಲ್ಲ. ಅದಕ್ಕೇ ಮೊದಲ ದಿನವೇ ನನಗೆ ಹಿಡಿಸಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ತೆಗೆದ ಒಂದು ಮಾದರಿಯೂ ಕೆಟ್ಟದ್ದಿಲ್ಲವಂತೆ. ಸೊಸೆಯನ್ನು ಹೊಗಳಿದರೆ ಎಲ್ಲಿ ತಲೆಯ ಮೇಲೆ ಕೂರುತ್ತಾಳೋ ಎಂದು ಹೆದರುವ ಅವಳ ಅತ್ತೆಯೂ ಮನೆಗೆ ಬಂದವರ ಮುಂದೆ ಇದೊಂದನ್ನು ಮಾತ್ರ ಹೇಳದೆ ಬಿಡುತ್ತಿರಲಿಲ್ಲ.

ನಾನು ಶಾಲೆಯ ವ್ಯಾನ್ ಓಡಿಸುವವಳು. ನನಗೆ ಅಂಡಾಶಯದ ಕ್ಯಾನ್ಸರ್. ಎರಡು ಸಲ ಔಷಧಿ ಹಾಕಿಸಿಕೊಂಡೆ, ಎರಡು ಸಲವೂ ಅದು ಮರಳಿ ಬಂತು. ಕೊನೆಗೆ ಹೊಸ ಮಾತ್ರೆಯೊಂದರ ಪರೀಕ್ಷೆಗೆ ಸೇರಿಕೊಂಡೆ. ಕೊಬ್ಬು ಅಂದರೆ ಸೊಂಟದ ಸುತ್ತ ಕೂರುವ ಸೋಮಾರಿ ಎಂದೇ ನಾನು ತಿಳಿದಿದ್ದೆ. ಅಕ್ಕ ಬಿಡಿಸಿ ಹೇಳಿದಳು: ಕೆಲವು ಜಾತಿಯ ಕೊಬ್ಬು ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಬೆಳೆ ಅನ್ನುತ್ತದೆ, ಸಾಯಬೇಡ ಅನ್ನುತ್ತದೆ, ಎದ್ದು ಬೇರೆ ಕಡೆ ಹೋಗಿ ಬೇರೂರು ಅನ್ನುತ್ತದೆ. ಗಾಯ ಮಾಯಲು ಬೇಕಾದ ಈ ಮಾತನ್ನೇ ಗಡ್ಡೆ ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ. ಆ ಕೊಬ್ಬು ತಯಾರಾಗದಂತೆ ತಡೆಯುವುದು ನನ್ನ ಮಾತ್ರೆಯ ಕೆಲಸ. ತಿಂಗಳಿಗೊಮ್ಮೆ ತೆಗೆಯುವ ರಕ್ತದಲ್ಲಿ ಅದರ ಅಂಕಿ ಇಳಿದೇ ಇದ್ದರೆ ಮಾತ್ರೆ ಮುಂದುವರಿಯುತ್ತದೆ, ಏರಿದರೆ ಬಂದ್. ನನಗೆ ಬೇರೆ ಮದ್ದು ಉಳಿದಿರಲಿಲ್ಲ.

ಐಸ್ ಯಾಕೆಂದರೆ, ತೆಗೆದ ರಕ್ತ ಬೆಚ್ಚಗೇ ಉಳಿದರೆ ಕೊಳವೆಯೊಳಗೇ ಆ ಕೊಬ್ಬು ಹುಟ್ಟುತ್ತಾ ಹೋಗುತ್ತದೆ. ಮೈಯಲ್ಲಿ ಇಲ್ಲದ್ದು ಅಂಕಿಯಲ್ಲಿ ಕಾಣುತ್ತದೆ. ಹಾಗಾಗಿ ಹತ್ತು ನಿಮಿಷದೊಳಗೆ ಐಸಿಗೆ ಇಟ್ಟು, ಚೀಟಿಯಲ್ಲಿ ಸಮಯ ಬರೆದು ಸಹಿ ಹಾಕಬೇಕು.

ಐದನೇ ತಿಂಗಳು ರಕ್ತ ಕೊಟ್ಟು ಏಳುವಾಗ ನನಗೆ ಕಣ್ಣು ಕತ್ತಲೆ ಬಂತು. ಅಕ್ಕ ಕೊಳವೆಯನ್ನು ಕೋಟಿನ ಜೇಬಿಗೆ ಹಾಕಿ ನನ್ನನ್ನು ಹಿಡಿದುಕೊಂಡಳು. ನಾನು ಅವಳ ಚಪ್ಪಲಿಯ ಮೇಲೇ ವಾಂತಿ ಮಾಡಿದೆ. ಅವಳು ಮಲಗಿಸಿ, ನೆಲ ಒರೆಸಿ, ನೀರು ಕುಡಿಸಿ, ನನ್ನ ಗಂಡನಿಗೆ ಫೋನ್ ಮಾಡಿದಳು. ಇಷ್ಟು ನನಗೆ ಗೊತ್ತಿತ್ತು. ಆಮೇಲಿನದು ಗೊತ್ತಿರಲಿಲ್ಲ. ಅರ್ಧ ಗಂಟೆ ಕಳೆದು ಅವಳು ಜೇಬಿಗೆ ಕೈ ಹಾಕಿದಾಗ ಕೊಳವೆ ಅವಳ ಮೈಯಷ್ಟೇ ಬೆಚ್ಚಗಿತ್ತು. ಅದನ್ನು ಎಸೆದು ಮತ್ತೆ ತೆಗೆಯಬೇಕಿತ್ತು. ಹೆಣದ ಹಾಗೆ ಬಿದ್ದಿದ್ದ ನನಗೆ ಇನ್ನೊಮ್ಮೆ ಚುಚ್ಚಲು ಅವಳಿಗೆ ಮನಸ್ಸು ಬರಲಿಲ್ಲ. ಇಪ್ಪತ್ತೆರಡು ವರ್ಷದ ಹೆಸರಿಗೆ ಮಸಿ ಬಳಿಯಲೂ ಮನಸ್ಸು ಬರಲಿಲ್ಲ. ಐಸಿಗೆ ಇಟ್ಟು, ಎಂದಿನಂತೆ ಆರು ನಿಮಿಷ ಎಂದು ಬರೆದು ಕಳಿಸಿಬಿಟ್ಟಳು.

ಮುಂದಿನ ಗುರುವಾರ ಅಂಕಿ ಮೂರು ಪಟ್ಟಾಗಿ ಬಂತು. ಸೋಮವಾರದಿಂದ ಮಾತ್ರೆ ಇಲ್ಲ ಎಂದರು. ಕಾರಿಡಾರಿನಲ್ಲಿ ಸಿಕ್ಕ ಅಕ್ಕನಿಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಪರೀಕ್ಷೆಯ ಹೊಣೆ ಹೊತ್ತ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಅಲ್ಲಿ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ನನಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಯಾಕೆ ಮುಚ್ಚಿಡಲಿ, ಬಂತು.

ದೊಡ್ಡ ಡಾಕ್ಟರು ಕೆಟ್ಟವರಲ್ಲ, ತಲೆನೋವು ಬೇಡದವರು. ಚೀಟಿಯಲ್ಲಿ ಸಹಿ ಇದೆ, ನಮಗೆ ಅದೇ ಪ್ರಮಾಣ ಎಂದರು. ಸುಳ್ಳು ಬರೆದೆ ಅಂತಾದರೆ ಇಷ್ಟು ವರ್ಷ ತೆಗೆದ ಮಾದರಿಗಳ ಮೇಲೆಲ್ಲ ಅನುಮಾನ ಬರುತ್ತದೆ, ಕೆಲಸಕ್ಕೇ ಸಂಚಕಾರ ಎಂದರು. ಅಂಕಿ ನಿಜವಾಗಿಯೇ ಏರಿರಬಹುದಲ್ಲ, ಮನೆಗೆ ಹೋಗಿ ನಿಧಾನವಾಗಿ ಯೋಚಿಸು ಎಂದೂ ಹೇಳಿದರು.

"ನಿಧಾನ ಮಾಡಿದ್ರೆ ಸೋಮವಾರ ಬಂದುಬಿಡುತ್ತೆ ಸಾರ್," ಎಂದಳು ಅಕ್ಕ. "ಮಾದರಿ ಕೆಟ್ಟಿದೆ ಅಂತ ತೆಗೆದವರೇ ಬರೆದುಕೊಟ್ರೆ ಮತ್ತೆ ತೆಗೀಲೇಬೇಕು. ಈ ನಿಯಮ ನೀವೇ ಓದಿಸಿದ್ದು."

"ನಿನ್ನ ಹೆಸರು ಹೋಗುತ್ತಮ್ಮ."

"ಹೋಗ್ಲಿ ಬಿಡಿ. ಹೆಸರು ಉಳಿಸ್ಕೊಳ್ಳೋಕೆ ಹೋಗೇ ಇಷ್ಟೆಲ್ಲ ಆಗಿದ್ದು."

ಅವರ ಮೇಜಿನ ಮೇಲಿದ್ದ ಪೆನ್ನನ್ನೇ ಎತ್ತಿಕೊಂಡು ನಿಂತಲ್ಲೇ ಬರೆದಳು. ದಿನ, ಗಂಟೆ, ಕೋಟಿನ ಬಲ ಜೇಬು, ಮೂವತ್ತೆರಡು ನಿಮಿಷ, ಸುಳ್ಳು ಬರೆದದ್ದು ನಾನೇ. ಕಾಗದ ತಲುಪಿತು ಎಂದು ಅವರಿಂದ ಸಹಿ ಹಾಕಿಸಿಕೊಂಡೇ ಹೊರಗೆ ಬಂದಳು.

ಎರಡನೇ ಸಲ ಅವಳಿಗೆ ಸೂಜಿ ಮುಟ್ಟಲು ಬಿಡಲಿಲ್ಲ. ಬದಲಿಗೆ ಬಂದವಳು ಮೂರು ಕಡೆ ಚುಚ್ಚಿದ ಮೇಲೆ ನಾಲ್ಕನೆಯದಕ್ಕೆ ನರ ಸಿಕ್ಕಿತು. ಅಕ್ಕ ಗಡಿಯಾರ ನೋಡುತ್ತಾ ಬಾಗಿಲಲ್ಲೇ ನಿಂತಿದ್ದಳು. ಕೊಳವೆ ತುಂಬಿದ್ದೇ ತಡ, ಡಬ್ಬಿ ಮುಂದೆ ಚಾಚಿದಳು. ಶನಿವಾರ ಅಂಕಿ ಬಂತು. ಹಿಂದಿನ ತಿಂಗಳಿಗಿಂತ ತುಸು ಕಡಿಮೆಯೇ ಇತ್ತು. ನನ್ನ ಮಾತ್ರೆ ಉಳಿಯಿತು.

ಅಕ್ಕನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ದಿಕ್ಕು ಬದಲಿಸಿತ್ತು. ಹಳೇ ಫೈಲುಗಳಿಗೆ ದಾರ ಕಟ್ಟುತ್ತಾ ಕೂತವಳ ಮುಂದೆ ನಿಂತು ಮೇಲಿನವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ, ಅರ್ಜಿ ಕೊಡುತ್ತೇನೆ ಎಂದೆ. ಅವಳಿಗೆ ನನ್ನ ಮೇಲೇ ರೇಗಿತು.

"ಅರ್ಜಿಗಿರ್ಜಿ ಏನೂ ಬೇಡ. ಉಪ್ಪು ತಿಂದೋಳು ನೀರು ಕುಡೀಲೇಬೇಕು, ಕುಡೀತೀನಿ. ನಿನ್ನ ಮಾತ್ರೆ ನೀನು ನುಂಗು, ಹೋಗು."

ನಾನು ಹೇಳಿದ ಮಾತು ಕೇಳುವ ಪೈಕಿಯಲ್ಲ. ಮುಂದಿನ ತಿಂಗಳು ರಕ್ತ ಕೊಡುವ ಕುರ್ಚಿಯಲ್ಲಿ ಕೈಕಟ್ಟಿ ಕೂತುಕೊಂಡೆ. ದೊಡ್ಡ ಡಾಕ್ಟರೇ ಇಳಿದು ಬರುವ ತನಕ ಕೈ ಬಿಚ್ಚಲಿಲ್ಲ. ಬಂದಾಗ ಅರ್ಜಿ ಕೊಟ್ಟೆ. ಅದರಲ್ಲಿ ಇದ್ದದ್ದು ಇಷ್ಟೇ: "ತಪ್ಪು ಮಾಡಿ ಹೇಳದವರು ಇಲ್ಲಿ ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ಹೇಳಿದವರು ಒಬ್ಬರೇ. ನನ್ನ ತೋಳಿಗೆ ಸೂಜಿ ಹಾಕುವುದಾದರೆ ಅವರೇ ಹಾಕಬೇಕು."